ಸಂಖ್ಯೆಗೂ ಒಂದು ಎತ್ತರ

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳಿವೆ. ಪ್ರತಿ ಹುಟ್ಟುಹಬ್ಬಕ್ಕೂ ಮಕ್ಕಳನ್ನು ನಿಲ್ಲಿಸಿ, ತಲೆಯ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಗೆರೆಗಳು. ಬಣ್ಣ ಬಳಿಯುವವರು ಬಂದಾಗಲೆಲ್ಲ, "ಅಷ್ಟು ಜಾಗ ಬಿಟ್ಟುಬಿಡಿ" ಎಂದು ಕೇಳಿಕೊಳ್ಳುತ್ತೇನೆ. ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಮಗಳು ಒಂದು ದಿನ, "ಅಮ್ಮ, ಸಂಖ್ಯೆಗಳಿಗೂ ಎತ್ತರ ಇದೆ" ಎಂದಾಗ ನನಗೆ ನಗು ಬಂತು. ಮದುವೆ ಗೊತ್ತಾಯಿತೆಂದು ಬಿ.ಎಸ್ಸಿ.ಯ ಕೊನೆಯ ವರ್ಷವನ್ನು ಅರ್ಧಕ್ಕೆ ಬಿಟ್ಟವಳು ನಾನು. ಆಮೇಲೆ ನನಗೆ ಉಳಿದ ಗಣಿತವೆಂದರೆ ಹಾಲಿನ ಲೆಕ್ಕ, ಚೀಟಿಯ ಲೆಕ್ಕ.

ಅವಳು ಭಿನ್ನರಾಶಿಯಿಂದ ಶುರುಮಾಡಿದಳು. ಎರಡರಲ್ಲಿ ಒಂದು, ಸಾವಿರದಲ್ಲಿ 501: ಇವೆರಡರ ಬೆಲೆ ಹೆಚ್ಚುಕಡಿಮೆ ಒಂದೇ. ಆದರೆ ಅಂಶ, ಛೇದಗಳಲ್ಲಿ ದೊಡ್ಡದನ್ನು ಎತ್ತರವೆಂದರೆ, ಮೊದಲನೆಯದರ ಎತ್ತರ 2, ಎರಡನೆಯದರದು 1000. ಸಂಖ್ಯೆ ಎಷ್ಟು ದೊಡ್ಡದು ಎಂಬುದನ್ನಲ್ಲ, ಎಷ್ಟು ಜಟಿಲ ಎಂಬುದನ್ನು ಎತ್ತರ ಹೇಳುತ್ತದೆ.

ಎರಡರ ವರ್ಗಮೂಲದಂಥವನ್ನು ಭಿನ್ನರಾಶಿಯಾಗಿ ಬರೆಯಲು ಬಾರದು. ಪೂರ್ಣಾಂಕಗಳಿಂದ ಕಟ್ಟಿದ ಸಮೀಕರಣವೊಂದರ ಮೂಲವಾಗಿ ಅವುಗಳನ್ನು ಗುರುತಿಸಬೇಕು. ಆ ಸಮೀಕರಣದ ಮೂಲಗಳಲ್ಲಿ, ಚಿಹ್ನೆ ಬಿಟ್ಟು, 1ಕ್ಕಿಂತ ದೊಡ್ಡವನ್ನು ಮಾತ್ರ ಗುಣಿಸಿ, ಮೊದಲ ಪದದ ಗುಣಕದಿಂದಲೂ ಗುಣಿಸಿದರೆ ಒಂದು ಅಳತೆ ಸಿಗುತ್ತದೆ. ಎತ್ತರದ ಲೆಕ್ಕ ಅದರಿಂದಲೇ. ಸುವರ್ಣಾನುಪಾತವೆನ್ನುವ 1.618ರ ಜೊತೆಯ ಮೂಲ 0.618 ಗಾತ್ರದ್ದು. ಅದು 1ಕ್ಕಿಂತ ಚಿಕ್ಕದು, ಲೆಕ್ಕಕ್ಕಿಲ್ಲ. ಆದ್ದರಿಂದ ಅಳತೆ 1.618.

ಅಳತೆ ಸರಿಯಾಗಿ 1 ಆದರೆ ಎತ್ತರ ಸೊನ್ನೆ. ಸೊನ್ನೆಯನ್ನು ಬಿಟ್ಟರೆ, ತನ್ನನ್ನು ತಾನೇ ಗುಣಿಸಿಕೊಳ್ಳುತ್ತ ಹೋಗಿ ಮತ್ತೆ 1ಕ್ಕೇ ಬರುವ ಸಂಖ್ಯೆಗಳಿಗೆ ಮಾತ್ರ ಹೀಗಾಗುತ್ತದೆ. ಇದರ ಹಿಂದಿರುವುದು ಜರ್ಮನಿಯ ಕ್ರೋನೆಕರ್ 1857ರಲ್ಲಿ ಸಾಧಿಸಿದ ಪ್ರಮೇಯ. ಹಾಗಾದರೆ 1ನ್ನು ದಾಟಿದ ಮೇಲೆ ಮೊದಲ ಮೆಟ್ಟಿಲು ಎಲ್ಲಿದೆ? ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿದ್ದ ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ 1933ರಲ್ಲಿ ಈ ಪ್ರಶ್ನೆ ಎತ್ತಿದರು. ಹತ್ತನೆಯ ಘಾತದ ಒಂದು ಸಮೀಕರಣ ಅವರಿಗೆ ಸಿಕ್ಕಿತ್ತು. ಅದರ ಅಳತೆ 1.17628. ಇದಕ್ಕಿಂತ ಚಿಕ್ಕದು ಉಂಟೇ ಎಂದು ಕೇಳಿದರು. ಕಂಪ್ಯೂಟರುಗಳು ದಶಕಗಟ್ಟಲೆ ಹುಡುಕಿವೆ. ಚಿಕ್ಕದು ಸಿಕ್ಕಿಲ್ಲ, ಇಲ್ಲವೆಂದು ಸಾಧಿಸಲೂ ಯಾರಿಂದಲೂ ಆಗಿಲ್ಲ.

ಮಗಳು ಅಷ್ಟಕ್ಕೇ ನಿಲ್ಲಿಸಿದ್ದಳು. "ಆ ಲೆಹ್ಮರ್ ಹೆಂಡತಿ?" ಎಂದು ಕೇಳಿದವಳು ನಾನು. ಹೆಂಗಸರಿಗೆ ಇಂಥದ್ದೇ ಪ್ರಶ್ನೆ ಹೊಳೆಯುತ್ತದೆ, ಏನು ಮಾಡಲಿ!

ಹೆಂಡತಿಯ ಹೆಸರು ಎಮ್ಮಾ. 1906ರಲ್ಲಿ ರಷ್ಯದ ಸಮಾರಾದಲ್ಲಿ ಹುಟ್ಟಿ, ಚೀನದ ಹಾರ್ಬಿನ್‌ನಲ್ಲಿ ಬೆಳೆದು, ಓದಲು ಕ್ಯಾಲಿಫೋರ್ನಿಯದ ಬರ್ಕ್ಲಿಗೆ ಬಂದವರು. 1928ರಲ್ಲಿ ಪದವಿ, ಆ ವರ್ಷವೇ ಮದುವೆ. ಎಂ.ಎಸ್ಸಿ. ಆಯಿತು, ಪಿಎಚ್.ಡಿ. ಮಾಡಲಿಲ್ಲ. ಗಂಡ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದರು. ಬಂಧುಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳಬಾರದೆಂಬ ಅಲ್ಲಿನ ನಿಯಮದಿಂದ ಎಮ್ಮಾಗೆ ಕಾಯಂ ಹುದ್ದೆ ಸಿಗಲಿಲ್ಲ. ಇಬ್ಬರು ಮಕ್ಕಳನ್ನು ಬೆಳೆಸುತ್ತ, ಸಂಬಳವಿಲ್ಲದೆ, ಐವತ್ತಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಬರೆದರು; ಕೆಲವು ಗಂಡನ ಜೊತೆ, ಹಲವು ತಾವೊಬ್ಬರೇ. ನೂರು ವರ್ಷ ತುಂಬಿದ ಮೇಲೆ, 2007ರಲ್ಲಿ ತೀರಿಕೊಂಡರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಹಾಲಿನ ಲೆಕ್ಕದ ಪುಸ್ತಕದ ಹಿಂದೆ 1.618ರಿಂದ 0.618 ಕಳೆದು ನೋಡಿದೆ. ಸರಿಯಾಗಿ 1. ಆ ಚಿಕ್ಕ ಮೂಲ ಅಳತೆಗೆ ಬಾರದಿರಬಹುದು, ಆದರೆ ಅದಿಲ್ಲದೆ ಆ ಸಮೀಕರಣದಲ್ಲಿ ಪೂರ್ಣಾಂಕಗಳು ಕೂಡಿಬರುವುದಿಲ್ಲ.

ಬೆಳಿಗ್ಗೆ ಮಗಳಿಗೆ ತೋರಿಸಿದೆ. "ಸರಿಯಾಗಿದೆ ಅಮ್ಮ" ಎಂದವಳು, ತನ್ನ ಪುಸ್ತಕದಿಂದ ಇನ್ನೊಂದು ಸಮೀಕರಣವನ್ನು ಬರೆದುಕೊಟ್ಟು ಕಾಲೇಜಿಗೆ ಹೋದಳು. ಕುಕ್ಕರ್ ಇಟ್ಟು, ಪೆನ್ಸಿಲ್ ಹುಡುಕತೊಡಗಿದೆ.