ವಿಮಾನಸಂಸ್ಥೆಗಳ ಕ್ರೆಡಿಟ್ ಕಾರ್ಡು: ಒಂದು ಆಯವ್ಯಯವಿಚಾರ

ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ಡೆಲ್ಟಾ ಎಂಬ ವಿಮಾನಸಂಸ್ಥೆಯೂ ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಲೇವಾದೇವಿ ಸಂಸ್ಥೆಯೂ ಕೂಡಿ ಹೊರಡಿಸುವ ‘ರಿಸರ್ವ್’ ಎಂಬ ಉನ್ನತದರ್ಜೆಯ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕವು 2024ನೆಯ ಇಸವಿಯ ಫೆಬ್ರವರಿಯಲ್ಲಿ 550 ಡಾಲರುಗಳಿಂದ 650 ಡಾಲರುಗಳಿಗೆ ಏರಿತು. ಅಷ್ಟು ಹಣವನ್ನು ತೆತ್ತವನಿಗೆ ದೊರೆಯುವ ಫಲಗಳು ಹಲವು. ಕೊಂಡ ವಸ್ತುಗಳ ಬೆಲೆಗೆ ತಕ್ಕಂತೆ ‘ಮೈಲು’ಗಳೆಂಬ ಅಂಕಗಳು ಆತನ ಲೆಕ್ಕಕ್ಕೆ ಸೇರುವುವು, ವಿಮಾನನಿಲ್ದಾಣದ ವಿಶ್ರಾಂತಿಶಾಲೆಯಲ್ಲಿ ಪ್ರವೇಶವುಂಟು, ಪೆಟ್ಟಿಗೆಯ ಸಾಗಣೆಗೆ ಶುಲ್ಕವಿಲ್ಲ, ಕಾರ್ಡನ್ನು ನವೀಕರಿಸಿದಾಗಲೆಲ್ಲ ಜೊತೆಗಾರನೊಬ್ಬನಿಗೆ ತೆರಿಗೆಯ ಹಣವನ್ನಷ್ಟೇ ಕೊಟ್ಟು ಪಯಣಿಸುವ ಟಿಕೆಟು ಬರುವುದು. ಇಲ್ಲಿ ಕೊಡುವ ಹಣವು ನಿಶ್ಚಿತವಾದುದು, ಮುಂಗಡವಾಗಿ ಸಲ್ಲುವಂಥದು. ಬರುವ ಫಲವಾದರೋ ಕಾಲಾಂತರದಲ್ಲಿ, ಕೊಡುವವರ ನಿಬಂಧನೆಗೆ ಒಳಪಟ್ಟು ಬರುವಂಥದು. ಆದುದರಿಂದ ಈ ವಿನಿಮಯವು ಲಾಭಕರವೇ ಎಂಬ ಪ್ರಶ್ನೆಗೆ ಅಂಕಗಣಿತವೊಂದೇ ಉತ್ತರ ಹೇಳಲಾರದು. ಫಲದಾತರು ಇದುವರೆಗೆ ತಮ್ಮ ಮಾತನ್ನು ಹೇಗೆ ನಡೆಸಿಕೊಂಡು ಬಂದಿದ್ದಾರೆಂಬ ಚರಿತ್ರೆಯನ್ನೂ ಅವಲೋಕಿಸಬೇಕಾಗುತ್ತದೆ.

ವಿಮಾನಯಾನಕ್ಕೂ ಸಾಲದ ಚೀಟಿಗೂ ಸಂಬಂಧವು ಹೊಸದಾಗಿ ಬೆಳೆದುದಲ್ಲ. ಡೈನರ್ಸ್ ಕ್ಲಬ್ಬಿನ ಕಾರ್ಡು ಹುಟ್ಟಿದುದು 1950ರಲ್ಲಿ. ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೋ ಪಟ್ಟಣದಲ್ಲಿ ಮನೆಮನೆಗೂ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿದುದು 1958ರಲ್ಲಿ. ಇವೆರಡಕ್ಕೂ ಮೊದಲೇ, 1936ರಲ್ಲಿ, ಅಮೆರಿಕದ ವಿಮಾನಸಂಸ್ಥೆಗಳು ಒಟ್ಟುಗೂಡಿ ‘ಏರ್ ಟ್ರಾವೆಲ್ ಕಾರ್ಡ್’ ಎಂಬುದನ್ನು ರೂಢಿಗೆ ತಂದಿದ್ದವು. ವ್ಯಾಪಾರಸಂಸ್ಥೆಯೊಂದು 425 ಡಾಲರುಗಳನ್ನು ಠೇವಣಿಯಾಗಿಟ್ಟರೆ ಅದರ ನೌಕರರು ಕೈಯಲ್ಲಿ ಹಣವಿಲ್ಲದೆಯೇ ಟಿಕೆಟು ಪಡೆಯಬಹುದಾಗಿತ್ತು. ದರದಲ್ಲಿ ಶೇಕಡ 15ರಷ್ಟು ಸೋಡಿಯೂ ಇತ್ತು. ಆ ಏರ್ಪಾಡಿನಲ್ಲಿ ಮರೆಮಾಚಿದುದೇನೂ ಇರಲಿಲ್ಲ. ಸೋಡಿಯು ಡಾಲರಿನಲ್ಲಿ ಸಿಕ್ಕುತ್ತಿತ್ತು, ಟಿಕೆಟು ಕೊಂಡ ಕ್ಷಣದಲ್ಲಿಯೇ ಸಿಕ್ಕುತ್ತಿತ್ತು. ಲೆಕ್ಕ ಬರೆಯುವ ಗುಮಾಸ್ತನು ಒಂದೇ ಸಾಲಿನಲ್ಲಿ ಲಾಭನಷ್ಟಗಳನ್ನು ನಮೂದಿಸಬಹುದಾಗಿತ್ತು. ಮುಂದಿನ ಐವತ್ತು ವರ್ಷಗಳಲ್ಲಿ ನಡೆದುದೆಲ್ಲ ಈ ಒಂದು ಸಾಲಿನ ಲೆಕ್ಕವು ಓದಲಾಗದ ಕಗ್ಗವಾದ ಕಥೆಯೆಂದರೆ ಅತಿಶಯೋಕ್ತಿಯಾಗಲಾರದು.

ವಿಶ್ರಾಂತಿಶಾಲೆಯ ಕಥೆಯೂ ಅದೇ ಕಾಲದ್ದು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ನ್ಯೂಯಾರ್ಕಿನ ಲಾಗಾರ್ಡಿಯ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ಎಂಬ ಶಾಲೆಯನ್ನು ತೆರೆಯಿತು. ಅಲ್ಲಿಗೆ ಪ್ರವೇಶವು ಆಹ್ವಾನದಿಂದ ಮಾತ್ರ. ಅದು ಮಾರಾಟದ ವಸ್ತುವಾಗಿರದೆ ಮರ್ಯಾದೆಯ ಕುರುಹಾಗಿತ್ತು. ಮರ್ಯಾದೆಗೆ ಬೆಲೆ ಕಟ್ಟಿ ಮಾರುವ ಪದ್ಧತಿಯು ತರುವಾಯ ಬಂದಿತು.

1938ರಿಂದ ನಾಲ್ಕು ದಶಕಗಳ ಕಾಲ ಆ ದೇಶದಲ್ಲಿ ವಿಮಾನದ ದರಗಳನ್ನು ಸರ್ಕಾರದ ಮಂಡಲಿಯೇ ನಿರ್ಣಯಿಸುತ್ತಿತ್ತು. ಎಲ್ಲರದೂ ಒಂದೇ ದರವಾದುದರಿಂದ ಸಂಸ್ಥೆಗಳು ಊಟೋಪಚಾರಗಳಲ್ಲಿ ಪೈಪೋಟಿ ನಡೆಸುತ್ತಿದ್ದವು. 1978ನೆಯ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರರು ಅಂಕಿತ ಹಾಕಿದ ಶಾಸನವು ಈ ಕಟ್ಟನ್ನು ಬಿಚ್ಚಿತು. ದರಗಳು ಕುಸಿಯತೊಡಗಿದುವು, ಅಗ್ಗವಾಗಿ ಕೊಟ್ಟವನ ಕಡೆಗೆ ಪ್ರಯಾಣಿಕನು ಓಡುವನೆಂಬ ಭಯವು ಹಳೆಯ ಸಂಸ್ಥೆಗಳನ್ನು ಹಿಡಿಯಿತು. ಆಗ ಅಮೆರಿಕನ್ ಏರ್‌ಲೈನ್ಸಿನವರು ತಮ್ಮ ಗಣಕಯಂತ್ರದ ಮುಂಗಡ ನೋಂದಣಿಗಳನ್ನು ಶೋಧಿಸಿ, ಪದೇ ಪದೇ ಪಯಣಿಸುವವರು ಯಾರೆಂಬುದನ್ನು ಗುರುತಿಸಿ, 1981ನೆಯ ಮೇ 1ರಂದು ‘ಎಅಡ್ವಾಂಟೇಜ್’ ಯೋಜನೆಯನ್ನು ಆರಂಭಿಸಿದರು. ಹಾರಿದ ಮೈಲುಗಳನ್ನು ಕೂಡಿಸಿದವನಿಗೆ ಪುಕ್ಕಟೆ ಪ್ರಯಾಣ. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ, ಅದೇ ವರ್ಷ ಡೆಲ್ಟಾ ಮತ್ತು ಟಿ.ಡಬ್ಲ್ಯು.ಎ. ಸಂಸ್ಥೆಗಳೂ ಇದನ್ನೇ ಅನುಸರಿಸಿದವು. ಇದರಲ್ಲಿ ಒಂದು ಸೂಕ್ಷ್ಮವಿತ್ತು. ಉದ್ಯೋಗನಿಮಿತ್ತ ಪಯಣಿಸುವವನ ಟಿಕೆಟಿನ ಹಣವನ್ನು ತೆರುವವನು ಒಡೆಯ. ಮೈಲುಗಳು ಸೇರುವುದು ನೌಕರನ ಹೆಸರಿಗೆ. ದುಬಾರಿಯಾದ ಟಿಕೆಟನ್ನು ಆರಿಸಿಕೊಂಡರೆ ನಷ್ಟ ಒಬ್ಬನಿಗೆ, ಲಾಭ ಇನ್ನೊಬ್ಬನಿಗೆ. 2002ರಲ್ಲಿ ಅಮೆರಿಕದ ತೆರಿಗೆಯ ಇಲಾಖೆಯು ಇಂಥ ಮೈಲುಗಳಿಗಾಗಿ ನೌಕರನಿಂದ ತೆರಿಗೆಯನ್ನು ಕೇಳುವುದಿಲ್ಲವೆಂದು ಪ್ರಕಟಿಸಿದುದರಿಂದ ಈ ಸೌಕರ್ಯವು ಇನ್ನಷ್ಟು ಭದ್ರವಾಯಿತು.

ನಿಜವಾದ ತಿರುವು 1987ರದು. ಆ ವರ್ಷ ಸಿಟಿಬ್ಯಾಂಕು ಅಮೆರಿಕನ್ ಏರ್‌ಲೈನ್ಸಿನೊಡನೆ ಕೂಡಿ, ಖರ್ಚು ಮಾಡಿದ ಡಾಲರೊಂದಕ್ಕೆ ಒಂದು ಮೈಲನ್ನು ಕೊಡುವ ಕಾರ್ಡನ್ನು ಹೊರಡಿಸಿತು. ಅಲ್ಲಿಂದ ಮುಂದೆ ಮೈಲಿಗೂ ಆಕಾಶಕ್ಕೂ ಇದ್ದ ನಂಟು ಸಡಿಲವಾಯಿತು. ಅಕ್ಕಿಬೇಳೆಯನ್ನು ಕೊಂಡವನಿಗೂ ಮೈಲು, ಜೋಡು ಕೊಂಡವನಿಗೂ ಮೈಲು. ಬ್ಯಾಂಕು ವಿಮಾನಸಂಸ್ಥೆಯಿಂದ ಮೈಲುಗಳನ್ನು ರೊಕ್ಕ ಕೊಟ್ಟು ಸಗಟಾಗಿ ಕೊಂಡು ತನ್ನ ಗಿರಾಕಿಗಳಿಗೆ ಹಂಚುವುದು. ಗಿರಾಕಿಯು ಕಾರ್ಡನ್ನು ಬಳಸಿದಾಗಲೆಲ್ಲ ಅಂಗಡಿಕಾರನ ನೂರು ಡಾಲರಿನಲ್ಲಿ ಸುಮಾರು ಎರಡನ್ನು ಮುರಿದುಕೊಳ್ಳುವುದು. ಕಾರ್ಡು ಹೊಸ್ತಿಲ ಮೇಲಿನ ದೀಪವಾಯಿತು. ಆದರೆ ದೇಹಲೀದೀಪನ್ಯಾಯದಲ್ಲಿ ಒಳಗೂ ಹೊರಗೂ ಬೆಳಕು ಬೀಳುವುದೆಂದು ಹೇಳುವವರು ಎಣ್ಣೆ ಯಾರದೆಂದು ಹೇಳುವುದಿಲ್ಲ.

ಮೈಲು ಎಂಬುದು ಒಂದು ಬಗೆಯ ನಾಣ್ಯ. ನಾಣ್ಯವನ್ನು ಟಂಕಿಸುವವನೂ ಅದರ ಬೆಲೆಯನ್ನು ಗೊತ್ತುಮಾಡುವವನೂ ಅದನ್ನು ಹಿಂದಕ್ಕೆ ಪಡೆದು ಸರಕು ಕೊಡಬೇಕಾದವನೂ ಒಬ್ಬನೇ ಆದಾಗ ಆಗುವುದೇನೆಂಬುದು ಮರುವರ್ಷವೇ ತಿಳಿದುಬಂದಿತು. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ನಿಬಂಧನೆಗಳನ್ನು ಬದಲಾಯಿಸಿ, ಪುಕ್ಕಟೆ ಪ್ರಯಾಣಕ್ಕೆ ಮೀಸಲಾದ ಆಸನಗಳಿಗೆ ಮಿತಿಯನ್ನು ಹಾಕಿತು. ಕೆಲವು ದಿನಗಳಲ್ಲಿ ಅಂಥ ಪ್ರಯಾಣವೇ ಇಲ್ಲವೆಂದು ಸಾರಿತು. ಹೊಸ ನಿಬಂಧನೆಗಳು ಮುಂದೆ ಗಳಿಸುವ ಮೈಲುಗಳಿಗೆ ಮಾತ್ರವಲ್ಲದೆ ಆಗಲೇ ಗಳಿಸಿಟ್ಟಿದ್ದ ಮೈಲುಗಳಿಗೂ ಅನ್ವಯಿಸಿದವು. ಇಲಿನಾಯ್ ಸಂಸ್ಥಾನದಲ್ಲಿ ಸದಸ್ಯರು ದಾವೆ ಹೂಡಿದರು. ವೊಲೆನ್ಸ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1995ರ ಜನವರಿಯಲ್ಲಿ ತೀರ್ಮಾನವಾಯಿತು. ಗ್ರಾಹಕರ ವಂಚನೆಯನ್ನು ತಡೆಯುವ ಸಂಸ್ಥಾನದ ಕಾಯಿದೆಯನ್ನು ವಿಮಾನಸಂಸ್ಥೆಯ ಮೇಲೆ ಪ್ರಯೋಗಿಸಲು 1978ರ ಶಾಸನವೇ ಅಡ್ಡಿಯೆಂದೂ, ಆದರೆ ಸಂಸ್ಥೆಯು ತಾನಾಗಿ ಮಾಡಿಕೊಂಡ ಕರಾರನ್ನು ಮುರಿದಿದೆಯೆಂದು ದಾವೆ ಹೂಡಲು ಅಡ್ಡಿಯಿಲ್ಲವೆಂದೂ ನ್ಯಾಯಾಲಯವು ತೀರ್ಪಿತ್ತಿತು. ಸದಸ್ಯರಿಗೆ ಸಂತೋಷದ ತೀರ್ಪೆಂದು ತೋರಬಹುದು. ಆದರೆ ಕರಾರನ್ನು ಬರೆಯುವ ಲೇಖನಿಯು ಸಂಸ್ಥೆಯ ಕೈಯಲ್ಲಿಯೇ ಉಳಿಯಿತು; ನಿಬಂಧನೆಗಳನ್ನು ಬದಲಾಯಿಸುವ ಹಕ್ಕು ತಮ್ಮದೆಂದು ಎಲ್ಲ ಸಂಸ್ಥೆಗಳೂ ಸ್ಪಷ್ಟವಾಗಿ ಬರೆದುಕೊಂಡವು.

ಇನ್ನೊಂದು ಮೊಕದ್ದಮೆಯು ಇದಕ್ಕಿಂತಲೂ ಕೌತುಕಕರವಾದುದು. ನಾರ್ತ್‌ವೆಸ್ಟ್ ಸಂಸ್ಥೆಯ ಉನ್ನತದರ್ಜೆಯ ಸದಸ್ಯರಾಗಿದ್ದ ಗಿನ್ಸ್‌ಬರ್ಗ್ ಎಂಬ ಯಹೂದ್ಯ ಧರ್ಮಗುರುವಿನ ಸದಸ್ಯತ್ವವನ್ನು 2008ರಲ್ಲಿ ಆ ಸಂಸ್ಥೆಯು ರದ್ದುಗೊಳಿಸಿತು; ಅವರು ಮೇಲಿಂದ ಮೇಲೆ ದೂರು ಕೊಡುತ್ತಾರೆಂಬುದು ಸಂಸ್ಥೆಯ ಆಕ್ಷೇಪ. ಕರಾರಿನಲ್ಲಿ ಬರೆಯದಿದ್ದರೂ ಸದ್ಭಾವದಿಂದ ನಡೆದುಕೊಳ್ಳುವುದು ಉಭಯಪಕ್ಷಗಳ ಕರ್ತವ್ಯವಲ್ಲವೇ ಎಂದು ಅವರು ವಾದಿಸಿದರು. 2014ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಏಕಾಭಿಪ್ರಾಯದಿಂದ ಆ ವಾದವನ್ನು ತಳ್ಳಿಹಾಕಿತು: ಹಾಗೆ ಸಂಸ್ಥಾನದ ಕಾನೂನು ಮೇಲಿನಿಂದ ಹೊರಿಸಿದ ಕರ್ತವ್ಯಕ್ಕೂ 1978ರ ಶಾಸನವೇ ಅಡ್ಡಿ. ಹೀಗೆ ದರಗಳನ್ನು ಸ್ವತಂತ್ರಗೊಳಿಸಲು ಹುಟ್ಟಿದ ಶಾಸನವು ಮೂವತ್ತಾರು ವರ್ಷಗಳ ತರುವಾಯ ಮೈಲುಗಳ ಕೋಟೆಗೋಡೆಯಾಗಿ ಪರಿಣಮಿಸಿತು.

ಬೆಲೆಯಿಳಿತವೂ ಸಾವಕಾಶವಾಗಿ ನಡೆದೇ ಇತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು, ಮರುವರ್ಷ ಅಮೆರಿಕನ್ ಸಂಸ್ಥೆಯು, ಹಾರಿದ ದೂರಕ್ಕೆ ಬದಲಾಗಿ ತೆತ್ತ ಹಣಕ್ಕೆ ತಕ್ಕಂತೆ ಮೈಲುಗಳನ್ನು ಕೊಡತೊಡಗಿದವು. ಮೈಲು ಎಂಬ ಹೆಸರು ಮಾತ್ರ ಉಳಿಯಿತು. ಅದೇ 2015ರಲ್ಲಿ ಡೆಲ್ಟಾ, 2019ರಲ್ಲಿ ಯುನೈಟೆಡ್, ಯಾವ ಪ್ರಯಾಣಕ್ಕೆ ಎಷ್ಟು ಮೈಲೆಂದು ತಿಳಿಸುತ್ತಿದ್ದ ಪಟ್ಟಿಯನ್ನೇ ತೆಗೆದುಹಾಕಿದವು. ಪಟ್ಟಿಯಿಲ್ಲದಲ್ಲಿ ಬೆಲೆ ಏರಿತೆಂದು ತೋರಿಸಿ ದೂರುವುದೂ ಕಠಿನ. ಸಂಸ್ಥೆಗಳು ಮಾತ್ರ ತಮ್ಮ ನಾಣ್ಯದ ಬೆಲೆಯನ್ನು ಚೆನ್ನಾಗಿ ಅರಿತಿದ್ದವು. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ವಿಮಾನಗಳು ನೆಲಹಿಡಿದು ನಿಂತಾಗ ಯುನೈಟೆಡ್ ಸಂಸ್ಥೆಯು ತನ್ನ ಮೈಲುಗಳ ಯೋಜನೆಗೆ ಸುಮಾರು 2,200 ಕೋಟಿ ಡಾಲರುಗಳ ಬೆಲೆಯನ್ನು ಕಟ್ಟಿ, ಅದನ್ನೇ ಒತ್ತೆಯಿಟ್ಟು 680 ಕೋಟಿ ಡಾಲರುಗಳ ಸಾಲವನ್ನೆತ್ತಿತು. ಆ ಸಮಯದಲ್ಲಿ ಪೇಟೆಯಲ್ಲಿ ಇಡೀ ಸಂಸ್ಥೆಯ ಷೇರುಗಳಿಗಿದ್ದ ಬೆಲೆಯು ಇದಕ್ಕಿಂತ ಬಹಳ ಕಡಮೆ. ಡೆಲ್ಟಾ 900 ಕೋಟಿ, 2021ರಲ್ಲಿ ಅಮೆರಿಕನ್ 1,000 ಕೋಟಿ ಡಾಲರುಗಳನ್ನು ಇದೇ ರೀತಿಯಲ್ಲಿ ಪಡೆದವು. 2024ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ಸಿನಿಂದ ಡೆಲ್ಟಾ ಸಂಸ್ಥೆಗೆ ಬಂದ ವರಮಾನವೇ ಸುಮಾರು 740 ಕೋಟಿ ಡಾಲರು.

ವಿಮಾನಸಂಸ್ಥೆಯೇ ಮುಳುಗಿದರೆ ಮೈಲುಗಳ ಗತಿಯೇನೆಂಬುದಕ್ಕೂ ದೃಷ್ಟಾಂತಗಳಿಲ್ಲದಿಲ್ಲ. 2001ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಆನ್ಸೆಟ್ ಸಂಸ್ಥೆಯು ಕುಸಿದಾಗ ಸದಸ್ಯರು ಕೂಡಿಸಿಟ್ಟಿದ್ದ ಅಂಕಗಳು ನಿಷ್ಪ್ರಯೋಜಕವಾದವು. ಬೆಂಗಳೂರಿನ ಯು.ಬಿ. ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತುಹೋದುವು. ‘ಕಿಂಗ್ ಕ್ಲಬ್’ ಮೈಲುಗಳನ್ನು ಸಂಗ್ರಹಿಸಿದ್ದ ಕನ್ನಡನಾಡಿನ ಮನೆಗಳವರಿಗೆ ಅದರ ಅನುಭವವುಂಟು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಸಂಗತಿಯು ತುಸು ಬೇರೆಯಾಗಿತ್ತು. ಅದರ ಮೈಲುಗಳ ಯೋಜನೆಯು ಪ್ರತ್ಯೇಕ ಕಂಪನಿಯಾಗಿ, ಅಬುಧಾಬಿಯ ಎತಿಹಾದ್ ಸಂಸ್ಥೆಯ ಪ್ರಧಾನ ಪಾಲುಗಾರಿಕೆಯಲ್ಲಿದ್ದುದರಿಂದ ಬದುಕಿಕೊಂಡು, ‘ಇಂಟರ್‌ಮೈಲ್ಸ್’ ಎಂಬ ಹೆಸರನ್ನು ತಳೆಯಿತು. ಮೈಲು ಉಳಿಯಿತು, ಯಾವ ಆಸನಕ್ಕಾಗಿ ಅದನ್ನು ಕೂಡಿಸಲಾಗಿತ್ತೋ ಆ ಆಸನವು ಉಳಿಯಲಿಲ್ಲ.

ಇನ್ನು ಮೊದಲು ಹೇಳಿದ 650 ಡಾಲರುಗಳ ಲೆಕ್ಕಕ್ಕೆ ಬರಬಹುದು. ಪೆಟ್ಟಿಗೆಯ ವಿನಾಯಿತಿಯನ್ನು ಕಾರ್ಡಿನ ಮುಖ್ಯ ಲಾಭವೆಂದು ಹಲವರು ಎಣಿಸುವರು. 2008ರವರೆಗೆ ಅಮೆರಿಕದ ದೊಡ್ಡ ಸಂಸ್ಥೆಗಳು ಮೊದಲನೆಯ ಪೆಟ್ಟಿಗೆಗೆ ಶುಲ್ಕವನ್ನೇ ಕೇಳುತ್ತಿರಲಿಲ್ಲ. ಆ ವರ್ಷ ಅಮೆರಿಕನ್ ಸಂಸ್ಥೆಯು 15 ಡಾಲರುಗಳನ್ನು ವಿಧಿಸಿತು, ಉಳಿದವು ಅನುಸರಿಸಿದವು, ಆಮೇಲೆ ಕಾರ್ಡಿದ್ದವರಿಗೆ ವಿನಾಯಿತಿಯು ಬಂದಿತು. ಕೆಸರನ್ನು ಮೆತ್ತಿಸಿಕೊಂಡು ತೊಳೆಯುವುದಕ್ಕಿಂತ ಅದನ್ನು ಮುಟ್ಟದಿರುವುದೇ ಲೇಸೆಂಬುದು ಪಂಕಪ್ರಕ್ಷಾಲನನ್ಯಾಯ. ಇಲ್ಲಿಯಾದರೋ ಕೆಸರನ್ನು ಎರಚಿದವರೇ ನೀರನ್ನು ಮಾರುತ್ತಾರೆ. ಅದು ಹಾಗಿರಲಿ, 2024ರಲ್ಲಿ ಡೆಲ್ಟಾ ಸಂಸ್ಥೆಯ ಪೆಟ್ಟಿಗೆಶುಲ್ಕವು 35 ಡಾಲರು. ದಂಪತಿಗಳಿಬ್ಬರು ವರ್ಷಕ್ಕೆ ಎರಡು ಬಾರಿ ಹೋಗಿಬಂದರೆ ಉಳಿತಾಯವು 280 ಡಾಲರು. ಈ ಮೊತ್ತವನ್ನು 650ರಲ್ಲಿ ಕಳೆಯುವುದು ಸಾಮಾನ್ಯರ ಲೆಕ್ಕ, ಆದರೆ ತಪ್ಪು ಲೆಕ್ಕ. ಏಕೆಂದರೆ ಅದೇ ಸಂಸ್ಥೆಯ 150 ಡಾಲರುಗಳ ‘ಗೋಲ್ಡ್’ ಕಾರ್ಡಿಗೂ ಅದೇ ವಿನಾಯಿತಿಯುಂಟು. ಆದಕಾರಣ ಹೆಚ್ಚುವರಿ 500 ಡಾಲರುಗಳಿಗೆ ಪ್ರತಿಯಾಗಿ ಹೆಚ್ಚುವರಿಯಾದ ಫಲವನ್ನು ಮಾತ್ರ ಹಿಡಿಯಬೇಕು. ಅದು ಮುಖ್ಯವಾಗಿ ವಿಶ್ರಾಂತಿಶಾಲೆ ಮತ್ತು ಜೊತೆಗಾರನ ಟಿಕೆಟು. ಟಿಕೆಟು ಮೊದಲ ವರ್ಷ ಬರುವುದಿಲ್ಲ. ಬಂದಾಗಲೂ ಅದು ಒಪ್ಪುವ ದರಗಳಲ್ಲಿಯೇ ಹೋಗಲು ಬಯಸುವ ಇಬ್ಬರಿದ್ದರೆ ಮಾತ್ರ ಉಪಯುಕ್ತ. ವಿಶ್ರಾಂತಿಶಾಲೆಯಲ್ಲಿ ಜನಸಂದಣಿ ಹೆಚ್ಚಿತೆಂದು 2023ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಸಂಸ್ಥೆಯು ವರ್ಷಕ್ಕೆ ಹತ್ತೇ ಭೇಟಿಗಳೆಂದು ಸಾರಿತು; ಕೋಲಾಹಲವೆದ್ದುದರಿಂದ ಮರುತಿಂಗಳೇ ಹದಿನೈದಕ್ಕೆ ಏರಿಸಿತು; 2025ರ ಫೆಬ್ರವರಿಯಿಂದ ಅದು ಜಾರಿಗೆ ಬಂದಿತು. ಮಿತಿಯಿಲ್ಲದ ಪ್ರವೇಶ ಬೇಕಾದವರು ಆ ಕಾರ್ಡಿನಲ್ಲಿ ವರ್ಷಕ್ಕೆ 75,000 ಡಾಲರುಗಳನ್ನು ಖರ್ಚು ಮಾಡಬೇಕು. ಸಾಧಾರಣ ಖರೀದಿಗೆ ಆ ಕಾರ್ಡು ಕೊಡುವುದು ಡಾಲರಿಗೆ ಒಂದು ಮೈಲು, ಅಂದರೆ ಹೆಚ್ಚು ಕಡಮೆ ಒಂದು ಸೆಂಟು. 2014ರಿಂದ ಪ್ರಚಾರದಲ್ಲಿರುವ ಸಿಟಿಬ್ಯಾಂಕಿನ ‘ಡಬಲ್ ಕ್ಯಾಷ್’ ಕಾರ್ಡು ವಾರ್ಷಿಕ ಶುಲ್ಕವಿಲ್ಲದೆಯೇ ಎರಡು ಸೆಂಟುಗಳನ್ನು ರೊಕ್ಕವಾಗಿ ಕೊಡುತ್ತದೆ. ಅಂದಮೇಲೆ ಅಷ್ಟು ಖರ್ಚಿನಲ್ಲಿ ಕಾಣದಂತೆ ಕೈಬಿಡುವ ಹಣವು ಸುಮಾರು 750 ಡಾಲರು, ಶುಲ್ಕಕ್ಕಿಂತಲೂ ಹೆಚ್ಚು. ತಿಂಗಳ ಬಾಕಿಯನ್ನು ಪೂರ್ತಿ ತೀರಿಸದೆ ಉಳಿಸಿಕೊಂಡವನ ಮಾತನ್ನಂತೂ ಆಡುವುದೇ ಬೇಡ; ಶೇಕಡ ಇಪ್ಪತ್ತಕ್ಕೆ ಮೀರಿದ ಬಡ್ಡಿಯ ಮುಂದೆ ಯಾವ ಮೈಲೂ ನಿಲ್ಲಲಾರದು.

ತಿಂಗಳಿಗೊಮ್ಮೆ ಕಾರ್ಯನಿಮಿತ್ತವಾಗಿ ಅದೇ ಸಂಸ್ಥೆಯ ವಿಮಾನದಲ್ಲಿ ಹೋಗಿಬರುವ ವ್ಯಾಪಾರಿಗೆ ಈ ಕಾರ್ಡು ಲಾಭಕರವೆಂಬುದರಲ್ಲಿ ಸಂಶಯವಿಲ್ಲ. ವರ್ಷಕ್ಕೆರಡು ಬಾರಿ ಮಕ್ಕಳ ಮನೆಗೆ ಹೋಗಿಬರುವ ದಂಪತಿಗಳಿಗೆ ಅಲ್ಪಶುಲ್ಕದ ಕಾರ್ಡೇ ಸಾಕು. ಇಬ್ಬರ ಲೆಕ್ಕದಲ್ಲಿಯೂ ಕಾಣಿಸದ ಮೂರನೆಯವನೊಬ್ಬನಿರುವನು. ಅಂಗಡಿಕಾರನು ತನಗೆ ಮುರಿತವಾಗುವ ಎರಡು ಡಾಲರುಗಳನ್ನು ಸರಕಿನ ಬೆಲೆಯಲ್ಲಿಯೇ ಸೇರಿಸುವುದರಿಂದ ಕಾರ್ಡಿಲ್ಲದೆ ರೊಕ್ಕ ಕೊಟ್ಟು ಕೊಳ್ಳುವವನೂ ಅದನ್ನು ತೆರುತ್ತಾನೆ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಈ ಬಾಬನ್ನು ಗಣಿಸಿ, ರೊಕ್ಕದಲ್ಲಿ ವ್ಯವಹರಿಸುವ ಕುಟುಂಬವು ಸರಾಸರಿ ವರ್ಷಕ್ಕೆ 149 ಡಾಲರುಗಳನ್ನು ಕಾರ್ಡಿನವರಿಗೆ ಕೊಡುತ್ತಿದೆಯೆಂದೂ, ಕಾರ್ಡಿನ ಕುಟುಂಬವು 1,133 ಡಾಲರುಗಳನ್ನು ಪಡೆಯುತ್ತಿದೆಯೆಂದೂ ತಿಳಿಸಿದರು. ಯೂರೋಪಿನ ಒಕ್ಕೂಟವು 2015ರ ಡಿಸೆಂಬರಿನಿಂದ ಕ್ರೆಡಿಟ್ ಕಾರ್ಡು ಕೊಟ್ಟ ಬ್ಯಾಂಕಿಗೆ ಸಲ್ಲುವ ಪಾಲಿಗೆ ಶೇಕಡ 0.3ರ ಮಿತಿಯನ್ನು ಹಾಕಿದಾಗ ಅಲ್ಲಿನ ಕಾರ್ಡುಗಳ ಕೊಡುಗೆಗಳು ಬಡಕಲಾದವು; ಎಣ್ಣೆ ಯಾರದೆಂಬುದು ಆಗ ಬೆಳಕಿಗೆ ಬಂದಿತು.