ಒಳಲೆ, ಪ್ಲೇಗು ಮತ್ತು ಮೊದಲ ಹಾಲು

ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ ಬೆಳ್ಳಿಯ ಒಳಲೆಯೊಂದಿದೆ. ಮೂರು ತಲೆಮಾರಿನ ಕೂಸುಗಳಿಗೆ ಹಾಲು ಕುಡಿಸಿದ ಒಳಲೆ ಅದು. ಪ್ರತಿ ಸಲವೂ ಅದನ್ನು ಕುದಿಯುವ ನೀರಿನಲ್ಲಿ ಅದ್ದಿಯೇ ತೆಗೆಯಬೇಕು ಎಂಬುದು ಅಜ್ಜಿಯ ಕಟ್ಟಪ್ಪಣೆ. "ಕ್ರಿಮಿ ಇರತ್ತೆ ಕಣೇ" ಎನ್ನುತ್ತಿದ್ದರು.

ಆ ಭಯಕ್ಕೆ ನಮ್ಮ ಬಡಾವಣೆಗಳಷ್ಟೇ ವಯಸ್ಸು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಹೊರಬಿದ್ದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲಿ. ಆಗ ರೀಜೆಂಟರಾಗಿ ಮೈಸೂರು ಸಂಸ್ಥಾನವನ್ನು ನಡೆಸುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಪ್ಲೇಗಿನ ರೋಗಾಣುವನ್ನು ನಾಲ್ಕು ವರ್ಷ ಮೊದಲು ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ ಅಲೆಕ್ಸಾಂಡರ್ ಯೆರ್ಸಿನ್, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವರು. ಬ್ಯಾಕ್ಟೀರಿಯಾ ಎಂದರೆ ಶತ್ರು ಎಂಬ ತಿಳಿವಳಿಕೆ ಹೀಗೆ ಬೇರೂರಿತು.

ವಿಚಿತ್ರವೆಂದರೆ, ಅದೇ ಪಾಶ್ಚರ್ ಸಂಸ್ಥೆಯಲ್ಲಿ 1899ರಲ್ಲಿ ಹೆನ್ರಿ ಟಿಸಿಯೆ ಎಂಬ ಮಕ್ಕಳ ವೈದ್ಯರು, ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾವನ್ನು ಕಂಡರು. ಆರೋಗ್ಯವಂತ ಕೂಸುಗಳ ಹೊಟ್ಟೆಯಲ್ಲಿ ಅದೇ ತುಂಬಿಕೊಂಡಿತ್ತು. ಇಂದು ನಾವು ಬೈಫಿಡೋಬ್ಯಾಕ್ಟೀರಿಯಂ ಎನ್ನುವುದು ಅದನ್ನೇ.

ಎದೆಹಾಲಿಗೂ ಅದಕ್ಕೂ ಏನು ನಂಟು? ಉತ್ತರ ಸಿಗಲು ಅರ್ಧ ಶತಮಾನವೇ ಹಿಡಿಯಿತು. 1954ರ ಸುಮಾರಿಗೆ ಪಾಲ್ ಗ್ಯೋರ್ಗಿ ಮತ್ತು ರಿಚರ್ಡ್ ಕೂನ್ ಅವರ ತಂಡಗಳು ಎದೆಹಾಲಿನ ವಿಶೇಷ ಸಕ್ಕರೆಗಳತ್ತ ಬೆರಳು ತೋರಿಸಿದವು. ಎದೆಹಾಲಿನ ಘನಾಂಶದಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನ ಈ ಆಲಿಗೋಸ್ಯಾಕರೈಡುಗಳದ್ದು. ಆದರೆ ಕೂಸಿಗೆ ಇವು ಜೀರ್ಣವೇ ಆಗುವುದಿಲ್ಲ! ಹಾಗಾದರೆ ತಾಯಿಯ ದೇಹ ಇಷ್ಟು ಶ್ರಮಪಟ್ಟು ಇವನ್ನು ತಯಾರಿಸುವುದು ಯಾರಿಗಾಗಿ? ದೊಡ್ಡ ಕರುಳಿನಲ್ಲಿ ಕಾದಿರುವ ಬೈಫಿಡೋಗಳಿಗಾಗಿ. ಅವು ಈ ಸಕ್ಕರೆಯನ್ನು ಹುಳಿಸಿ ಆಮ್ಲಗಳನ್ನು ಮಾಡುತ್ತವೆ. ಆ ಹುಳಿಯಲ್ಲಿ ಅನೇಕ ರೋಗಾಣುಗಳು ಬೆಳೆಯಲಾರವು. 2008ರಲ್ಲಿ ಇನ್‌ಫ್ಯಾಂಟಿಸ್ ಎಂಬ ಪ್ರಭೇದದ ಜೀನೋಮ್ ಓದಿದಾಗ, ಈ ಸಕ್ಕರೆಗಳನ್ನು ಒಡೆಯಲೆಂದೇ ಇರುವ ಜೀನುಗಳ ಗುಂಪು ಅದರಲ್ಲಿ ಕಂಡುಬಂತು. ತಾಯಿ ಒಬ್ಬರಿಗಲ್ಲ, ಇಬ್ಬರಿಗೆ ಉಣಿಸುತ್ತಾಳೆ.

ಈ ಸಕ್ಕರೆಗಳು ಹೆಚ್ಚು ದಟ್ಟವಾಗಿರುವುದು ಹೆರಿಗೆಯ ನಂತರದ ಮೊದಲ ಹಾಲಿನಲ್ಲಿ. ಹಸುವಿನ ಗಿಣ್ಣು ಸಿಕ್ಕರೆ ಬೀದಿಗೆಲ್ಲ ಹಂಚಿ ತಿನ್ನುವವರು ನಾವು. ಬಾಣಂತಿಯ ಹಳದಿ ಹಾಲನ್ನು ಮಾತ್ರ 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿ, ಒಳಲೆಯಲ್ಲಿ ಜೇನು ಕುಡಿಸಿದ ಮನೆಗಳು ಎಷ್ಟೋ. ನಮ್ಮದೂ ಅವುಗಳಲ್ಲೊಂದು. ಅಜ್ಜಿಯನ್ನು ದೂರಲಾರೆ, ಕ್ರಿಮಿಗೆ ಹೆದರುವುದನ್ನು ಕಲಿಸಿದ ಕಾಲ, ಅದನ್ನು ಸಾಕುವುದನ್ನು ಕಲಿಸಿರಲಿಲ್ಲ.

ಹಾಗೆಂದು ಹಾಲು ಬಾರದ ತಾಯಿಯನ್ನು ಅಪರಾಧಿಯಾಗಿಸುವುದೂ ಸಲ್ಲ. ನಮ್ಮ ಕಾಲೋನಿಗೆ ದೂರವೇನಲ್ಲದ, ಅದೇ ಮಹಾರಾಣಿಯ ಹೆಸರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಎದೆಹಾಲಿನ ಬ್ಯಾಂಕು ಶುರುವಾಯಿತು. ಒಬ್ಬ ತಾಯಿ ಕೊಟ್ಟ ಹಾಲು ದಿನ ತುಂಬದೆ ಹುಟ್ಟಿದ ಇನ್ನಾರದೋ ಕೂಸಿಗೆ ಸಲ್ಲುತ್ತದೆ. ಇಂಥ ಬ್ಯಾಂಕುಗಳಲ್ಲಿ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವುದು ರೂಢಿ. ಬ್ಯಾಕ್ಟೀರಿಯಾಗಳು ಸಾಯುತ್ತವೆ, ಸಕ್ಕರೆಗಳು ಉಳಿಯುತ್ತವೆ.

ಅಜ್ಜಿಯ ಕುದಿನೀರು ತಪ್ಪಲ್ಲ. ಕ್ರಿಮಿಗಳಲ್ಲಿ ನಮ್ಮವೂ ಇವೆ ಎಂಬುದಷ್ಟೇ ಅವರಿಗೆ ಗೊತ್ತಿರದ ಮಾತು.