ಬೇರುಗಂಟಿನ ಬೀಗ, ಬ್ಯಾಕ್ಟೀರಿಯಾದ ಕೀಲಿ

ತೊಗರಿ, ಕಡಲೆ, ಅಲಸಂದೆ ಮೊದಲಾದ ದ್ವಿದಳ ಧಾನ್ಯದ ಗಿಡಗಳನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಇವು ರೋಗದ ಗುರುತಲ್ಲ. ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ಆಗಿ ಪರಿವರ್ತಿಸುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳ ನೆಲೆ. ಹಾಲೆಂಡಿನ ವಿಜ್ಞಾನಿ ಬೈಯರಿಂಕ್ 1888ರಲ್ಲಿ ಇವುಗಳನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು.

ಮಣ್ಣಿನ ಅಸಂಖ್ಯ ಸೂಕ್ಷ್ಮಜೀವಿಗಳ ನಡುವೆ ಗಿಡವು ತನಗೆ ಬೇಕಾದುದನ್ನೇ ಗುರುತಿಸುವುದು ಹೇಗೆ? ಉತ್ತರವಿರುವುದು ಬ್ಯಾಕ್ಟೀರಿಯಾದ ‘ನಾಡ್’ ವಂಶವಾಹಿಗಳಲ್ಲಿ. ಬೇರು ಮೊದಲು ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಸ್ರವಿಸುತ್ತದೆ. ಅದನ್ನು ಗ್ರಹಿಸುವುದು ನಾಡ್-ಡಿ ವಂಶವಾಹಿಯ ಪ್ರೋಟೀನು. ಅದು ಉಳಿದ ನಾಡ್ ವಂಶವಾಹಿಗಳನ್ನು ಎಚ್ಚರಿಸುತ್ತದೆ. ನಾಡ್-ಸಿ ಸಕ್ಕರೆಯ ಕಿರುಸರಪಳಿಯನ್ನು ಹೆಣೆದರೆ, ನಾಡ್-ಬಿ ಅದರ ತುದಿಯನ್ನು ಸವರುತ್ತದೆ, ನಾಡ್-ಎ ಅಲ್ಲಿಗೆ ಕೊಬ್ಬಿನಾಮ್ಲವನ್ನು ಜೋಡಿಸುತ್ತದೆ. ಹೀಗೆ ಸಿದ್ಧವಾದ ‘ನಾಡ್ ಅಂಶ’ದ ರಚನೆಯನ್ನು ಫ್ರಾನ್ಸಿನ ವಿಜ್ಞಾನಿಗಳು 1990ರಲ್ಲಿ ಬಿಡಿಸಿ ತೋರಿಸಿದರು. ಇದರ ಅತ್ಯಲ್ಪ ಪ್ರಮಾಣ ತಗುಲಿದರೂ ಬೇರುರೋಮ ಡೊಂಕಾಗಿ ಬ್ಯಾಕ್ಟೀರಿಯಾವನ್ನು ಸುತ್ತಿಕೊಳ್ಳುತ್ತದೆ. ಒಳಗಿನ ಕೋಶಗಳು ವಿಭಜನೆಗೊಂಡು ಗಂಟು ಮೂಡುತ್ತದೆ. (ನೆಲಗಡಲೆಯ ದಾರಿ ಬೇರೆ: ಅಲ್ಲಿ ಕವಲುಬೇರು ಹೊರಡುವೆಡೆಯ ಬಿರುಕೇ ಬಾಗಿಲು.)

ಕೀಲಿಯ ಹಲ್ಲು ಬದಲಾದರೆ ಬೀಗ ತೆರೆಯದು. ಕುದುರೆ ಮಸಾಲೆ ಸೊಪ್ಪಿನ ಬ್ಯಾಕ್ಟೀರಿಯಾ ತನ್ನ ನಾಡ್ ಅಂಶಕ್ಕೆ ಗಂಧಕದ ಒಂದು ಗುಂಪನ್ನು ಸೇರಿಸುತ್ತದೆ. ಆ ಕೆಲಸದ ವಂಶವಾಹಿ ಕೆಟ್ಟರೆ ಆ ಗಿಡದಲ್ಲಿ ಗಂಟು ಕಟ್ಟದು. ಬದಲಿಗೆ ವೆಚ್ ಎಂಬ ಬೇರೊಂದು ಮೇವಿನ ಗಿಡದಲ್ಲಿ ಕಟ್ಟುತ್ತದೆ!

ರೈತರಿಗೆ ಮುಖ್ಯವಾದ ಮಾತು ಇದೇ. ತೊಗರಿ, ಹೆಸರು, ಅಲಸಂದೆಗಳು ಹಲವು ಬ್ಯಾಕ್ಟೀರಿಯಾಗಳೊಂದಿಗೆ ಹೊಂದಿಕೊಳ್ಳುತ್ತವೆ. ಕಡಲೆ ಹಾಗಲ್ಲ, ಅದಕ್ಕೆ ಮೀಸೋರೈಜೋಬಿಯಂ ಜಾತಿಯವೇ ಆಗಬೇಕು. ತೊಗರಿಗೆಂದು ತಂದ ರೈಜೋಬಿಯಂ ಪೊಟ್ಟಣವನ್ನು ಕಡಲೆ ಬೀಜಕ್ಕೆ ಲೇಪಿಸಿದರೆ ಹಣ ಮತ್ತು ಶ್ರಮ ಎರಡೂ ವ್ಯರ್ಥ.

ಗಂಟು ಮೂಡಿದ ಮಾತ್ರಕ್ಕೆ ಸಾರಜನಕ ದೊರೆಯುತ್ತದೆ ಎನ್ನುವಂತಿಲ್ಲ. ಆ ಕಾರ್ಯ ‘ನಿಫ್’ ವಂಶವಾಹಿಗಳದು. ಅವು ರೂಪಿಸುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಹಾಳಾಗುತ್ತದೆ. ಆದ್ದರಿಂದ ಗಿಡವು ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನಿನ ಮೂಲಕ ಆಮ್ಲಜನಕವನ್ನು ಅಳೆದು ಕೊಡುತ್ತದೆ. ಸಾರಜನಕದ ಒಂದು ಅಣುವಿಗೆ ಕನಿಷ್ಠ 16 ಎಟಿಪಿ ಅಣುಗಳ ಶಕ್ತಿ ವ್ಯಯವಾಗುವ ದುಬಾರಿ ವ್ಯವಹಾರವಿದು. ಹೊಲಕ್ಕೆ ಯೂರಿಯಾ ಹೆಚ್ಚಾದಲ್ಲಿ ಗಿಡವು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಹೂವಾಡುವ ಹೊತ್ತಿಗೆ ಗಿಡವೊಂದನ್ನು ಮಣ್ಣುಸಹಿತ ಅಗೆದು, ಗಂಟನ್ನು ಉಗುರಿನಿಂದ ಸೀಳಿ ನೋಡಬಹುದು. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿಚಿಕೊಂಡಿದ್ದರೆ ಆ ಗಂಟಿನಿಂದ ಗಿಡಕ್ಕೆ ಪ್ರಯೋಜನವಿಲ್ಲ.